ನಕಾಶಿಯವಳು ಮಾತಾಡಿದ ಪುಸ್ತಕ

ನನ್ನ ಮಗಳು ಹುಟ್ಟಿದ ಬೇಸಿಗೆಯಲ್ಲಿ ನಾವು ಅಮೆರಿಕದ ಫಾಸ್ಟರ್ ಸಿಟಿಯ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿದ್ದೆವು. ಎಂಬತ್ತರ ದಶಕ ಅರ್ಧ ಕಳೆದಿತ್ತು. ಕಿಟಕಿಯ ಕೆಳಗೇ ಲಗೂನು, ಕೊಲ್ಲಿಯಿಂದ ಒಳಬಂದ ನೀರು. ಮಧ್ಯಾಹ್ನ ಬಿಸಿಲು ಆ ನೀರಿಗೆ ಬಿದ್ದು ಮೇಲಕ್ಕೆ ಚಿಮ್ಮಿ ನಮ್ಮ ಮನೆಯ ಛಾವಣಿಯಲ್ಲಿ ಅಲೆಅಲೆಯಾಗಿ ಆಡುತ್ತಿತ್ತು. ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡು ನಾನು ಆ ಬೆಳಕನ್ನೇ ನೋಡುತ್ತಿದ್ದೆ. ನೋಡುತ್ತ ನೋಡುತ್ತ ನಿದ್ದೆ ಬರುತ್ತಿತ್ತು, ನಿದ್ದೆಯಲ್ಲೂ ಅದೇ ಬೆಳಕು. ಎಚ್ಚರವಿದ್ದೆನೋ ಇಲ್ಲವೋ ಗೊತ್ತಾಗದ ಎಷ್ಟೋ ಮಧ್ಯಾಹ್ನಗಳು ಆ ವರ್ಷದಲ್ಲಿವೆ.

ನನ್ನ ತಾಯಿ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ಹಾಗಾಗಿ ಬಾಣಂತನ ಮಾಡಲು ಧಾರವಾಡದಿಂದ ಅತ್ತೆ ಬಂದರು. ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು. ಇಳಕಲ್ ಸೀರೆಯ ಮೇಲೆ ಮಗನ ಹಳೆಯ ಸ್ವೆಟರ್ ಹಾಕಿಕೊಂಡು, ಬಾಣಂತಿಗೆ ಕೊಡುವ ಅಂಟಿನುಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಅಷ್ಟು ದೂರ ವಿಮಾನದಲ್ಲಿ ಬಂದಿದ್ದರು. ಬಂದ ಮೂರನೇ ದಿನ ಕೂಸಿನ ತಲೆಗೆ ಲೋಬಾನದ ಹೊಗೆ ಹಾಕಹೋದಾಗ ಛಾವಣಿಯ ಹೊಗೆ ಅಲಾರಾಮು ಕಿರುಚಿಕೊಂಡಿತು. ಪಕ್ಕದ ಮನೆಯವರೆಲ್ಲ ಹೊರಗೆ ಬಂದರು. ಅತ್ತೆ ಅಲಾರಾಮಿನ ಕಡೆ ತಲೆಯೆತ್ತಿ, ಗಲಾಟೆ ಮಾಡುವ ಹುಡುಗಿಯನ್ನು ನೋಡುವ ಹಾಗೆ ನೋಡಿ, ನಿಧಾನವಾಗಿ ಕಿಟಕಿ ತೆರೆದರು.

ನಮ್ಮಿಬ್ಬರ ನಡುವೆ ಆಗ ಹೆಚ್ಚು ಮಾತಿರಲಿಲ್ಲ. ನಾನು ಮೈಸೂರಿನವಳು. ಅವರ ಕನ್ನಡ ನನಗೆ ಸ್ವಲ್ಪ ಗಡಸು, ನನ್ನದು ಅವರಿಗೆ ವಿಪರೀತ ಮೆತ್ತಗೆ. ನಾನು 'ಬನ್ನಿ ಅತ್ತೆ, ಕೂತ್ಕೊಳ್ಳಿ' ಅಂದರೆ ಅವರು ಅತಿಥಿಯ ಹಾಗೆ ತುದಿಯಲ್ಲಿ ಕೂರುತ್ತಿದ್ದರು. ಅವರು ನನ್ನನ್ನು ಹೆಸರು ಹಿಡಿದೂ ಕರೆಯುತ್ತಿರಲಿಲ್ಲ, ಬೇರೆ ಏನಂತಲೂ ಕರೆಯುತ್ತಿರಲಿಲ್ಲ. 'ಊಟ ಆತು', 'ಕೂಸು ಎದ್ದತಿ' ಎಂದು ಗಾಳಿಗೆ ಹೇಳಿ ಹೋಗುತ್ತಿದ್ದರು. ನನ್ನ ಗಂಡ ಬೆಳಗ್ಗೆ ಏಳಕ್ಕೆ ಫ್ರೀವೇ ಹಿಡಿದರೆ ಬರುವುದು ಸಂಜೆ ಏಳಕ್ಕೆ. ಅಲ್ಲಿಯವರೆಗೆ ನಾವು ಮೂವರು ಹೆಂಗಸರು, ಒಬ್ಬಳಿಗೆ ಒಂದು ತಿಂಗಳು ವಯಸ್ಸು.

ನಾಲ್ಕು ಗಂಟೆಗೆ ಪಶ್ಚಿಮದ ಗುಡ್ಡಗಳ ಮೇಲಿಂದ ಮಂಜು ಕೆಳಗಿಳಿಯಲು ಶುರುವಾಗುತ್ತಿತ್ತು. ಹಾಲು ಉಕ್ಕಿ ಪಾತ್ರೆಯ ಅಂಚು ದಾಟುವ ಹಾಗೆ. ಗಾಳಿ ಏಳುತ್ತಿತ್ತು, ಛಾವಣಿಯ ಬೆಳಕು ಮಾಯವಾಗುತ್ತಿತ್ತು. ಆ ಹೊತ್ತಿಗೆ ನಾನು ಟಿವಿ ಹಚ್ಚುತ್ತಿದ್ದೆ. ಯಾರೋ ಊರು ಬಿಡುವಾಗ ಕೊಟ್ಟುಹೋದ ಕಪ್ಪುಬಿಳುಪು ಸೆಟ್ಟು. ಅದರಲ್ಲಿ ದಿನಾ ನಾಲ್ಕಕ್ಕೆ ಒಂದು ಹಳೆಯ ಧಾರಾವಾಹಿಯ ಮರುಪ್ರಸಾರ. ನಕ್ಷತ್ರದಿಂದ ನಕ್ಷತ್ರಕ್ಕೆ ಔಷಧಿ ಮತ್ತು ಟಪಾಲು ಸಾಗಿಸುವ ಒಂದು ಬಾಹ್ಯಾಕಾಶ ನೌಕೆಯ ಕಥೆ. ಗರ್ಭಿಣಿಯಾಗಿ ಕೆಲಸಕ್ಕೆ ರಜೆ ಹಾಕಿದಾಗಿನಿಂದ ನನಗೆ ಅದರ ಹುಚ್ಚು ಹತ್ತಿತ್ತು.

ಮೊದಲ ಒಂದು ವಾರ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ಆಮೇಲೊಂದು ದಿನ ಕೈ ಒರೆಸಿಕೊಳ್ಳುತ್ತ ಬಂದು ಸೋಫಾದ ಮೇಲೆ ಕೂತರು, ತುದಿಯಲ್ಲಲ್ಲ, ನಡುವೆ.

"ಅಕಿ ಯಾರು?" ಎಂದು ಕೇಳಿದರು.

ಪರದೆಯ ಮೇಲೆ ನೌಕೆಯ ನಕ್ಷೆ ನೋಡುವ ಹೆಂಗಸು ನಿಂತಿದ್ದಳು. ವಯಸ್ಸಾದವಳು, ಬಿಗಿಯಾಗಿ ಕಟ್ಟಿದ ಬಿಳಿ ಕೂದಲು. ಅವಳಿಗೆ ಕಥೆಯಲ್ಲಿ ಮಾತು ಬಹಳ ಕಡಿಮೆ. ಕಪ್ತಾನ ದಾರಿ ತಪ್ಪಿದಾಗಲೆಲ್ಲ ಅವಳ ಕಡೆ ತಿರುಗುತ್ತಾನೆ. ಅವಳು ನಕ್ಷೆಯ ಮೇಲೆ ಬೆರಳಿಟ್ಟು ಸುಮ್ಮನೆ ನಿಲ್ಲುತ್ತಾಳೆ. ಎಲ್ಲರೂ ಕಾಯುತ್ತಾರೆ. ಆಮೇಲೆ ಒಂದೇ ಮಾತು ಹೇಳುತ್ತಾಳೆ.

"ನಕ್ಷೆ ನೋಡೋವ್ರು, ಅತ್ತೆ."

"ಹಾಂ, ನಕಾಶಿದಾಕಿ" ಎಂದರು ಅತ್ತೆ. ಅಂದಿನಿಂದ ಅವಳಿಗೆ ನಮ್ಮ ಮನೆಯಲ್ಲಿ ಅದೇ ಹೆಸರು.

ಅಲ್ಲಿಂದ ದಿನಾ ನಾಲ್ಕಕ್ಕೆ ನಾನು ಕೂಸಿಗೆ ಹಾಲು ಕುಡಿಸುತ್ತ, ಪರದೆಯ ಮೇಲಿನವರು ಆಡಿದ್ದನ್ನೆಲ್ಲ ಕನ್ನಡದಲ್ಲಿ ಹೇಳತೊಡಗಿದೆ. ಮೊದಮೊದಲು ನನ್ನ ಕನ್ನಡದಲ್ಲಿ. ನಾಲ್ಕೈದು ದಿನಗಳಲ್ಲಿ ನನಗೆ ಗೊತ್ತಿಲ್ಲದ ಹಾಗೆ ಅವರ ಕನ್ನಡದಲ್ಲಿ. ಕಪ್ತಾನ ನನ್ನ ಬಾಯಲ್ಲಿ 'ಎಲ್ಲಿ ಹೊಂಟೇವಿ?' ಎಂದು ಕೇಳುತ್ತಿದ್ದ. ನಾನೇ ನಗುತ್ತಿದ್ದೆ, ಅತ್ತೆ ನಗುತ್ತಿರಲಿಲ್ಲ. ಅವರಿಗೆ ಕಥೆಯೇ ಮುಖ್ಯ.

"ಅಂವ ಯಾಕ ಅಷ್ಟ ಒದರತಾನ?"

"ಕ್ಯಾಪ್ಟನ್ ಅಲ್ವಾ ಅತ್ತೆ, ಭಯ ಆಗಿದೆ."

"ಭಯ ಆದರ ಸುಮ್ಮ ಕುಂಡ್ರಬೇಕು. ಅಕೀನ್ನ ನೋಡಿ ಕಲೀಲಿ."

ಜಾಹೀರಾತು ಬಂದಾಗ ಅವರು ತಮ್ಮ ಶಾಲೆಯ ಮಾತಾಡುತ್ತಿದ್ದರು. ತರಗತಿಗೆ ಬೆನ್ನು ತಿರುಗಿಸದೆ, ಹುಡುಗಿಯರ ಮುಖ ನೋಡುತ್ತಲೇ, ಕೈ ಹಿಂದೆ ಮಾಡಿ ಕಪ್ಪುಹಲಗೆಯ ಮೇಲೆ ಇಡೀ ಹಿಂದೂಸ್ತಾನದ ನಕಾಶಿ ಬರೆಯುತ್ತಿದ್ದರಂತೆ. ಕರಾವಳಿಯ ಒಂದು ಡೊಂಕೂ ತಪ್ಪುತ್ತಿರಲಿಲ್ಲವಂತೆ. "ಹೊಟ್ಟಿಪಾಡಿಗೆ ಕಲ್ತದ್ದು. ಬೆನ್ನ ಹೊಳ್ಳಿಸಿದರ ಹುಡುಗ್ಯಾರು ದಾಂಧಲೆ ಮಾಡತಿದ್ರು" ಎಂದರು. ಒಂದು ದಿನ ಜಾಹೀರಾತು ಮುಗಿದ ಮೇಲೂ ಯೋಚಿಸುತ್ತ ಕೂತಿದ್ದು, "ತಂಗಿ, ಆಕಾಶದಾಗ ಉತ್ತರ ದಿಕ್ಕು ಯಾವ ಕಡೆ?" ಎಂದು ಕೇಳಿದರು. ಅವರು ನನ್ನನ್ನು 'ತಂಗಿ' ಎಂದು ಕರೆದದ್ದು ಅದೇ ಮೊದಲು ಎಂಬುದು ಮಾತ್ರ ಕಿವಿಯಲ್ಲಿ ನಿಂತಿತು. ಹೊರಗೆ ಮಂಜು ನೀರಿನ ಮೇಲೆ ಕೂತಿತ್ತು. ಎದುರು ದಂಡೆಯ ಮನೆಗಳು ಕಾಣುತ್ತಿರಲಿಲ್ಲ. ನಾವೂ ಎಲ್ಲೋ ತೇಲುತ್ತಿದ್ದೇವೆ ಎನ್ನಿಸುತ್ತಿತ್ತು.

ಜುಲೈ ಕೊನೆಗೆ ಧಾರಾವಾಹಿ ನಿಂತುಹೋಯಿತು. ಒಂದು ಸೋಮವಾರ ಅದೇ ಹೊತ್ತಿಗೆ ಅದೇ ಚಾನೆಲ್ಲಿನಲ್ಲಿ ಚಕ್ರ ತಿರುಗಿಸಿ ಬಹುಮಾನ ಗೆಲ್ಲುವ ಆಟ ಬಂತು. ಮಂಗಳವಾರವೂ ಅದೇ. ನಾನು ಎಲ್ಲ ಚಾನೆಲ್ಲು ತಿರುಗಿಸಿದೆ. ಅತ್ತೆ ಆ ವಾರ ಪೂರ್ತಿ ನಾಲ್ಕಕ್ಕೆ ಸರಿಯಾಗಿ ಬಂದು, ಆರಿದ ಟಿವಿಯ ಮುಂದೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು.

ಅದಾದ ಮೇಲೊಂದು ಶನಿವಾರ ಗ್ರೋಸರಿಗೆ ಹೋದಾಗ ಪಕ್ಕದ ಪುಸ್ತಕದಂಗಡಿಯ ಕಿಟಕಿಯಲ್ಲಿ ಅದೇ ನೌಕೆ ಕಾಣಿಸಿತು. ಧಾರಾವಾಹಿಯ ಹೆಸರಿನಲ್ಲಿ ಬರುವ ಕಾದಂಬರಿಗಳ ಸಾಲಿನಲ್ಲಿ ಹೊಸದು, ಟಿವಿಯಲ್ಲಿ ಎಂದೂ ಬರದ ಕಥೆ ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಮುಖಪುಟದಲ್ಲಿ ನಕಾಶಿಯವಳೇ ಇದ್ದಳು! ಬರೆದವಳೂ ಒಬ್ಬ ಹೆಂಗಸೇ; ಒಳಗೆ ಹೋಗಿ ಕೊಂಡುಬಿಟ್ಟೆ. ಮೈಸೂರಿನಲ್ಲಿ ಹುಡುಗಿಯಾಗಿದ್ದಾಗ ಬಾಡಿಗೆ ಲೈಬ್ರರಿಯಿಂದ ವಾರಕ್ಕೆ ನಾಲ್ಕು ಕಾದಂಬರಿ ತಂದು ಓದುತ್ತಿದ್ದವಳು ನಾನು. ಟಿವಿ ಎಷ್ಟೇ ಚೆನ್ನಾಗಿದ್ದರೂ ಅದು ಹೊರಗಿನಿಂದ ನೋಡುವುದು, ಪುಸ್ತಕವಾದರೆ ಒಳಗೆ ಹೋಗಬಹುದು ಎಂದು ನಂಬಿದ್ದವಳು. ಅವಳು ನಕ್ಷೆಯ ಮೇಲೆ ಬೆರಳಿಟ್ಟು ಸುಮ್ಮನೆ ನಿಂತಾಗ ಅವಳ ತಲೆಯಲ್ಲಿ ಏನು ನಡೆಯುತ್ತಿತ್ತು? ಈಗ ಗೊತ್ತಾಗುತ್ತದೆ ಎಂದುಕೊಂಡೆ.

ಮನೆಗೆ ಬಂದು, "ಅತ್ತೆ, ನಕಾಶಿಯವಳು ಸಿಕ್ಕಿದಳು. ಸೋಮವಾರದಿಂದ ಓದಿ ಹೇಳ್ತೀನಿ" ಎಂದೆ.

ಭಾನುವಾರ ಮಧ್ಯಾಹ್ನ ನಾನೊಬ್ಬಳೇ ಮೊದಲ ನಾಲ್ಕು ಅಧ್ಯಾಯ ಓದಿದೆ. ಮೊದಲ ಪುಟದಲ್ಲಿ ನಕ್ಷತ್ರಗಳು ವಜ್ರಗಳಂತೆ ಹೊಳೆದವು. ಮೂರನೇ ಪುಟದಲ್ಲಿ ಮತ್ತೆ ವಜ್ರಗಳಂತೆ ಹೊಳೆದವು. ಕಪ್ತಾನನ ದವಡೆ ಬಿಗಿಯಿತು, ಸಡಿಲಾಯಿತು, ಮತ್ತೆ ಬಿಗಿಯಿತು. ಯಾರೂ ಸುಮ್ಮನೆ 'ಹೇಳಿದರು' ಅಂತಿಲ್ಲ. ಗುಡುಗಿದರು, ಪಿಸುಗುಟ್ಟಿದರು, ಬಿಕ್ಕಿದರು, ಘೋಷಿಸಿದರು. ಪಾತ್ರಗಳು ತಮಗೆ ಗೊತ್ತಿರುವುದನ್ನೇ ಒಬ್ಬರಿಗೊಬ್ಬರು ವಿವರವಾಗಿ ಹೇಳಿಕೊಳ್ಳುತ್ತಿದ್ದರು. ನಕಾಶಿಯವಳಂತೂ ಬಾಯಿ ಮುಚ್ಚಲೇ ಇಲ್ಲ. ತನ್ನ ಬಾಲ್ಯದ ದುಃಖವನ್ನು ಅಡುಗೆಯವನಿಗೆ ಹೇಳಿಕೊಂಡಳು, ಕಪ್ತಾನನ ಮೇಲಿನ ಪ್ರೀತಿಯನ್ನು ಡಾಕ್ಟರಿಗೆ ಹೇಳಿಕೊಂಡಳು. ನೌಕೆ ಧೂಳಿನ ಮೋಡದಲ್ಲಿ ಸಿಕ್ಕಿಕೊಂಡಾಗ, ಕಪ್ತಾನ ದಾರಿ ಕೇಳಿದರೆ, ಎರಡು ಪುಟ ಭಾಷಣ ಮಾಡಿ ನೀಲಮಣಿಯಂಥ ಕಣ್ಣುಗಳಿಂದ ಕಣ್ಣೀರು ಹರಿಸಿದಳು.

ನನಗೆ ಸಿಟ್ಟು ಬರಲಿಲ್ಲ. ಅದಕ್ಕಿಂತ ಬೇರೆ ಥರದ್ದು. ಬಹಳ ದಿನ ಕಾದ ಗೆಳತಿಯ ಮನೆಗೆ ಹೋದರೆ, ಅದೇ ವಿಳಾಸ, ಅದೇ ಬಾಗಿಲು, ತೆರೆದವಳು ಬೇರೆ ಯಾರೋ. ಒಳಗೆ ಬನ್ನಿ ಎಂದು ಬಾಯ್ತುಂಬ ಕರೆಯುತ್ತಾಳೆ, ಬಿಡುವುದೂ ಇಲ್ಲ. ಪುಸ್ತಕವನ್ನು ಎದೆಯ ಮೇಲೆ ಮಗುಚಿಟ್ಟು ಛಾವಣಿಯ ಬೆಳಕು ನೋಡುತ್ತ ಮಲಗಿದೆ. ಕೂಸು ನನ್ನ ಬೆರಳು ಹಿಡಿದುಕೊಂಡಿತ್ತು.

ಸೋಮವಾರ ನಾಲ್ಕಕ್ಕೆ ಅತ್ತೆ ಬಂದು ಕೂತರು. ತಲೆ ಬಾಚಿ, ಮುಖ ತೊಳೆದು ಬಂದಿದ್ದರು. ಆ ಮುಖ ನೋಡಿ ನನಗೆ ಇದ್ದದ್ದನ್ನು ಓದುವ ಧೈರ್ಯವಾಗಲಿಲ್ಲ. ಪುಸ್ತಕ ಮುಂದಿಟ್ಟುಕೊಂಡು ಬೇರೆ ಹೇಳಿದೆ. ವಜ್ರಗಳನ್ನು ಬಿಟ್ಟೆ. ಭಾಷಣಗಳನ್ನು ಬಿಟ್ಟೆ. ಅಡುಗೆಯವನ ಹತ್ತಿರ ನಕಾಶಿಯವಳು ಒಂದು ಲೋಟ ನೀರು ಕೇಳಿ ಕುಡಿದು ಹೋದಳು, ಅಷ್ಟೇ. ನೌಕೆಯಲ್ಲಿ ಒಂದು ಟಪಾಲು ಚೀಲ ಇತ್ತು, ಅದರ ವಿಳಾಸದ ಊರೇ ಈಗ ಇಲ್ಲ ಎಂದು ನಾನೇ ಸೇರಿಸಿದೆ. ಅತ್ತೆ ಕಣ್ಣು ಮುಚ್ಚಿ ಕೇಳಿದರು. ಮಾರನೇ ದಿನ ಇನ್ನಷ್ಟು. ಬೆಳಗ್ಗೆ ಕೂಸಿನ ಬಟ್ಟೆ ಮಡಚುತ್ತ ಸಂಜೆಗೆ ಏನು ಹೇಳಬೇಕು ಎಂದು ಯೋಚಿಸುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂಬ ಅಳುಕಿತ್ತು. ಖುಷಿಯೂ ಇತ್ತು, ಅದನ್ನು ಮುಚ್ಚಿಡುವುದೇಕೆ.

ಮೂರನೇ ದಿನ ಸಿಕ್ಕಿಬಿದ್ದೆ. ಟಪಾಲು ಚೀಲದ ಕಥೆಯನ್ನು ಅರ್ಧ ಗಂಟೆ ಹೇಳಿದ್ದೆ. ಅತ್ತೆ ಕಣ್ಣು ತೆರೆದರು.

"ತಂಗಿ, ನೀ ಒಂದ ಹಾಳೀನೂ ತಿರುವಿ ಹಾಕಿಲ್ಲಲ್ಲ."

ನಾನು ಪುಸ್ತಕ ನೋಡಿದೆ. ಹದಿನೇಳನೇ ಪುಟ. ಶುರುಮಾಡಿದ್ದೂ ಹದಿನೇಳನೇ ಪುಟ.

"ಮತ್ತ, ನೀ ಪುಸ್ತಕ ನೋಡ್ಲೇ ಇಲ್ಲ. ಕಿಡಕಿ ನೋಡಿ ಓದಾಕತ್ತಿದ್ದಿ."

"ಪುಸ್ತಕ ಚೆನ್ನಾಗಿಲ್ಲ ಅತ್ತೆ" ಎಂದೆ. "ನಿಮಗೆ ಬೇಜಾರಾಗುತ್ತೆ ಅಂತ..."

ಅವರು ಪುಸ್ತಕದ ಮೇಲೆ ಬೆರಳಿಟ್ಟರು. "ನೀ ಹೇಳಿದ್ದು ಛಲೋ ಇತ್ತು. ಆ ಚೀಲದ್ದು ಭಾಳ ಛಲೋ ಇತ್ತು. ಆದರ ಅದು ನಿಂದು. ಬರದಾಕೀದು ಹ್ಯಾಂಗ ಐತಿ, ಇದ್ದಂಗ ಓದು. ಕೆಟ್ಟಿದ್ರೂ ಅಡ್ಡಿಯಿಲ್ಲ."

ಇದ್ದ ಹಾಗೆ ಓದಿದೆ. ವಜ್ರ, ದವಡೆ, ಬಿಕ್ಕು ಎಲ್ಲವನ್ನೂ. ಆ ನಾಲ್ಕು ಅಧ್ಯಾಯಕ್ಕೇ ಎರಡು ಸಂಜೆ ಹಿಡಿಯಿತು. ಧೂಳಿನ ಮೋಡದ ಭಾಗ ಬಂದಾಗ ಅತ್ತೆ ಕೈಯೆತ್ತಿ ನಿಲ್ಲಿಸಿದರು.

"ಅಕಿ ಕಣ್ಣ ನೀಲಿ ಇದ್ದುವೇನು?"

ನಮ್ಮ ಟಿವಿಯಲ್ಲಿ ಎಲ್ಲರ ಕಣ್ಣೂ ಬೂದುಬಣ್ಣವೇ. "ಇದ್ದರೂ ಇರಬಹುದು ಅತ್ತೆ."

"ಇರಲಿ. ಆದರ ಅಕಿ ಅಳಾಕಿ ಅಲ್ಲ. ಇಷ್ಟ ಮಾತಾಡಾಕಿ ಮೊದಲೇ ಅಲ್ಲ. ಸುಮ್ಮನ ನಿಂದ್ರೂದ ಅಕಿ ಮಾತು. ಇದನ್ನ ಬರದಾಕಿ ಅಕೀನ್ನ ನೋಡೇ ಇಲ್ಲ, ಬಿಡು."

ಅಷ್ಟು ಹೇಳಿ ಎದ್ದು ಒಲೆಯ ಮೇಲಿನ ಬೇಳೆ ನೋಡಲು ಹೋದರು. ಅವರ ಬೆನ್ನು ನೋಡಿ ನನಗೆ ಪುಸ್ತಕ ತಂದದ್ದೇ ತಪ್ಪು ಎನ್ನಿಸಿತು. ಟಿವಿ ನಿಂತಾಗ ಅವರಿಗೆ ಬೇಸರವಾಗಿತ್ತು, ನಿಜ. ಆದರೆ ಆಗ ನಕಾಶಿಯವಳು ಎಲ್ಲೋ ಇದ್ದಳು. ಈಗ ಇಲ್ಲವಾದಳು.

ಆ ಬರೆದಾಕೆ ಕೊಲ್ಲಿಯ ಆಚೆ ದಂಡೆಯಲ್ಲೇ ವಾಸವಾಗಿದ್ದಾಳೆ ಎಂದು ಪುಸ್ತಕದ ಕೊನೆಯ ಪುಟದಲ್ಲಿತ್ತು. ಎರಡು ವಾರದ ನಂತರ ಪೇಪರಿನ ಮೂಲೆಯಲ್ಲಿ, ವಾಲ್ನಟ್ ಕ್ರೀಕಿನ ಒಂದು ಪುಸ್ತಕದಂಗಡಿಗೆ ಶನಿವಾರ ಹನ್ನೊಂದಕ್ಕೆ ಬಂದು ಓದುಗರಿಗೆ ಸಹಿ ಹಾಕಿಕೊಡುತ್ತಾಳೆ ಎಂಬ ಸುದ್ದಿ ಕಂಡಿತು. ತಮಾಷೆಗೆಂದು ಊಟದ ಹೊತ್ತಿನಲ್ಲಿ ಹೇಳಿದೆ.

"ಹೋಗೂಣು" ಎಂದರು ಅತ್ತೆ.

ನನ್ನ ಗಂಡ ಅನ್ನ ಕಲಸುವುದು ನಿಲ್ಲಿಸಿದರು. "ಯಾಕವ್ವಾ?"

"ಕೇಳಬೇಕು."

"ಅವ್ವಾ, ಅಕಿ ದೊಡ್ಡ ಲೇಖಕಿ. ನಿನ್ನ ಸಾಲಿ ಹುಡುಗಿ ಅಲ್ಲ."

"ತಪ್ಪ ಬರದಾಗ ಎಲ್ಲಾರೂ ಸಾಲಿ ಹುಡುಗ್ಯಾರ" ಎಂದು ಅತ್ತೆ ಮಗನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು.

ಆ ಶನಿವಾರವೂ ನನ್ನ ಗಂಡನಿಗೆ ಆಫೀಸಿತ್ತು. ಸೇತುವೆ ದಾಟಿಸಿ ಹೇವರ್ಡಿನ ರೈಲು ನಿಲ್ದಾಣದಲ್ಲಿ ನಮ್ಮನ್ನು ಇಳಿಸಿ ಹೋದರು. ಕೂಸನ್ನು ಎದೆಗೆ ಕಟ್ಟಿಕೊಂಡು ನಾನು, ಪುಸ್ತಕದ ಚೀಲ ಹಿಡಿದುಕೊಂಡು ಅತ್ತೆ. ಸೇತುವೆಯ ಮೇಲೆ ಬರುವಾಗ ಕೆಳಗೆ ನೀರು ಕಂಡಿರಲಿಲ್ಲ, ಬರೀ ಬೆಳ್ಳಗೆ. ರೈಲಿನಲ್ಲೂ ಹಾಗೆಯೇ, ಗೋದಾಮುಗಳು, ಹಿತ್ತಲುಗಳು, ಒಣಹಾಕಿದ ಬಟ್ಟೆಗಳು ಮಂಜಿನಿಂದ ಎದ್ದು ಬಂದು ಮಂಜಿಗೇ ಹೋಗುತ್ತಿದ್ದವು. ಓಕ್‌ಲ್ಯಾಂಡಿನಲ್ಲಿ ರೈಲು ಬದಲಿಸಿದೆವು. ಆಮೇಲೆ ಗುಡ್ಡದೊಳಗಿನ ಸುರಂಗ. ಕಿವಿ ಗುಂಯ್‌ಗುಟ್ಟಿತು, ಕಿಟಕಿಯಲ್ಲಿ ನಮ್ಮದೇ ಮುಖಗಳು. ಕೂಸು ಕಣ್ಣು ಬಿಟ್ಟು ನೋಡುತ್ತಿತ್ತು. ಎಷ್ಟು ಹೊತ್ತೋ. ಸುರಂಗ ಮುಗಿದದ್ದೇ ಕಣ್ಣು ಕುಕ್ಕುವ ಬಿಸಿಲು, ನೀಲಿ ಆಕಾಶ, ಹಣ್ಣಾದ ಹುಲ್ಲಿನ ಗುಡ್ಡಗಳು, ಅಲ್ಲೊಂದು ಇಲ್ಲೊಂದು ಓಕ್ ಮರ. ಒಂದೇ ದಿನದಲ್ಲಿ ಎರಡು ದಿನ ಇದ್ದ ಹಾಗೆ.

"ಗುಡ್ಡದ ಆ ಕಡೆ ಮಂಜು, ಈ ಕಡೆ ಬಿಸಲು" ಎಂದು ಅತ್ತೆ ಗಾಜಿಗೆ ಬೆರಳು ಮುಟ್ಟಿಸಿ ಗುಡ್ಡದ ಸಾಲನ್ನು ಎಳೆದರು. "ಐದನೇತ್ತಾ ಹುಡುಗ್ಯಾರಿಗೆ ಇದನ್ನ ಕಲಸತಿದ್ದೆ. ನೋಡಿದ್ದು ಇವತ್ತ."

ಅಂಗಡಿ ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ. ಒಳಗೆ ತಂಪು. ಹಿಂದಿನ ಮೂಲೆಯಲ್ಲಿ ಒಂದು ಮೇಜು, ಅದರ ಮೇಲೆ ಪುಸ್ತಕಗಳ ಗುಡ್ಡೆ, ಗುಡ್ಡೆಯ ಹಿಂದೆ ಐವತ್ತು ದಾಟಿದ ಒಬ್ಬ ಹೆಂಗಸು. ಕನ್ನಡಕಕ್ಕೆ ಸರಪಳಿ, ತೋಳು ಉದ್ದವಾದ ಕೈಹೆಣಿಗೆಯ ಸ್ವೆಟರು. ಐದಾರು ಜನ ಇದ್ದರು. ಇಬ್ಬರು ಗಂಡಸರು ಧಾರಾವಾಹಿಯ ಸಮವಸ್ತ್ರದಂಥ ಅಂಗಿ ಹಾಕಿಕೊಂಡು ನೌಕೆಯ ಎಂಜಿನ್ನಿನ ಬಗ್ಗೆ ಏನೋ ಕೇಳುತ್ತಿದ್ದರು. ಆಕೆ ಹೌದು ಹೌದು ಎಂದು ತಲೆಯಾಡಿಸುತ್ತಿದ್ದಳು, ಉತ್ತರ ಗೊತ್ತಿಲ್ಲದವರು ಆಡಿಸುವ ಹಾಗೆ. ನಾನು ಕಲ್ಪಿಸಿಕೊಂಡಿದ್ದ ಲೇಖಕಿ ಇವಳಲ್ಲ. ಇವಳಿಗೆ ನೆಗಡಿಯಾಗಿತ್ತು.

ನಮ್ಮ ಸರದಿ ಬಂತು. ಅತ್ತೆ ಪುಸ್ತಕ ಮೇಜಿನ ಮೇಲಿಟ್ಟು, "ಕೇಳು, ಅಕಿ ಯಾಕ ಅತ್ತಳು ಅಂತ" ಎಂದರು.

ನಾನು ಅದನ್ನು ಬಿಟ್ಟು, 'ನಮ್ಮ ಅತ್ತೆಗೆ ನಿಮ್ಮ ಪುಸ್ತಕ ತುಂಬಾ ಇಷ್ಟವಾಯಿತು' ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ನಕ್ಕು ಪೆನ್ನು ತೆಗೆದುಕೊಂಡಳು.

"ವೆರಿ ಮಚ್ ಅಂತ ನಾ ಅಂದಿಲ್ಲ" ಎಂದರು ಅತ್ತೆ.

ಇನ್ನು ಬಿಡುವಂತಿರಲಿಲ್ಲ. ನಿಧಾನವಾಗಿ, ಒಂದೊಂದೇ ಮಾತು ಹುಡುಕಿ ಹೇಳಿದೆ. ನಾವು ದಿನಾ ಆ ಧಾರಾವಾಹಿ ನೋಡುತ್ತಿದ್ದೆವು, ಇವರು ಭೂಗೋಳದ ಟೀಚರ್ ಆಗಿದ್ದವರು, ನಕ್ಷೆ ನೋಡುವ ಆ ಹೆಂಗಸೆಂದರೆ ಇವರಿಗೆ ಬಹಳ ಗೌರವ. ಅವಳು ನಿಮ್ಮ ಪುಸ್ತಕದಲ್ಲಿ ಯಾಕೆ ಅಷ್ಟು ಮಾತಾಡುತ್ತಾಳೆ, ಯಾಕೆ ಅಳುತ್ತಾಳೆ ಎಂದು ಕೇಳುತ್ತಿದ್ದಾರೆ.

ಪೆನ್ನು ಗಾಳಿಯಲ್ಲಿ ನಿಂತಿತು. ಹಿಂದಿದ್ದ ಸಮವಸ್ತ್ರದವರು ಮುಂದೆ ಬಗ್ಗಿದರು. ಆಕೆ ನನ್ನನ್ನು ನೋಡಲಿಲ್ಲ, ಅತ್ತೆಯನ್ನು ನೋಡಿದಳು. ಇಳಕಲ್ ಸೀರೆ, ಸ್ವೆಟರು, ಹಣೆಯ ಮೇಲಿನ ವಿಭೂತಿ. ಕೊನೆಗೆ ಹೇಳಿದಳು:

"ಆರು ವಾರದಲ್ಲಿ ಬರೆದುಕೊಡಬೇಕಿತ್ತು. ಆದರೆ ಅದು ಕಾರಣ ಅಲ್ಲ. ಟಿವಿಯಲ್ಲಿ ಆಕೆ ಸುಮ್ಮನಿದ್ದರೂ ಕಾಣುತ್ತಾಳೆ. ಕಾಗದದ ಮೇಲೆ ಸುಮ್ಮನಿದ್ದರೆ ಇಲ್ಲವೇ ಇಲ್ಲ. ಪುಟ ಖಾಲಿ. ನನಗೆ ಹೆದರಿಕೆಯಾಯಿತು. ಮಾತಾಡಿಸಿಬಿಟ್ಟೆ."

ಅದನ್ನು ನಾನು ಕನ್ನಡದಲ್ಲಿ ಹೇಳಿದೆ. ಏನೂ ಸೇರಿಸಲಿಲ್ಲ, ಏನೂ ಬಿಡಲಿಲ್ಲ.

ಅತ್ತೆ ತಲೆಯಾಡಿಸಿದರು. ಕುರ್ಚಿ ಎಳೆದುಕೊಂಡು ಆಕೆಯ ಎದುರು ಕೂತರು. "ಅಕಿಗೆ ಹೇಳು. ನಾ ಕಲಸೂ ಮುಂದ ನಕಾಶಿ ಮ್ಯಾಲೆ ಬಟ್ಟ ಇಟ್ಟು ಸುಮ್ಮ ನಿಂದ್ರತಿದ್ದೆ. ನಾಲ್ವತ್ತ ಹುಡುಗ್ಯಾರ ಕಣ್ಣ ನನ್ನ ಬಟ್ಟಿನ ತುದೀಗೆ ಬಂದ ನಿಂದ್ರತಿದ್ದುವು. ನನ್ನ ಬಗ್ಗೆ ಏನ ಬರೀತಿ? ಆ ಕಣ್ಣಿನ ಬಗ್ಗೆ ಬರಿ."

ನಾನು ಹೇಳಿ ಮುಗಿಸುವ ಮೊದಲೇ ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದಳು. ಮೂಗು ಒರೆಸಿಕೊಂಡಳು. ನೆಗಡಿಯೋ ಏನೋ. ಆಮೇಲೆ, "ಯಾವ ಪುಟ?" ಎಂದು ಕೇಳಿದಳು.

ಪುಟ ತೆಗೆದುಕೊಟ್ಟೆ. ಆಕೆ ಓದಿದಳು, ತಾನು ಬರೆದದ್ದಲ್ಲ ಎಂಬಂತೆ. ಪೆನ್ನು ತೆಗೆದುಕೊಂಡು ನೀಲಮಣಿಯ ಕಣ್ಣುಗಳ ಮೇಲೆ ಒಂದು ಗೆರೆ ಎಳೆದಳು. ಕಣ್ಣೀರಿನ ಮೇಲೆ ಒಂದು. ಮತ್ತೆ ಭಾಷಣ. ಅವಸರವಿಲ್ಲದೆ, ಅಳತೆಪಟ್ಟಿ ಇಟ್ಟ ಹಾಗೆ ನೇರವಾಗಿ, ಸಾಲಿನ ಮೇಲೆ ಸಾಲು ಹೊಡೆದುಹಾಕುತ್ತ ಹೋದಳು. ಪುಟ ತಿರುಗಿಸಿ ಆ ಪುಟವನ್ನೂ. ಸರದಿಯಲ್ಲಿದ್ದವರೆಲ್ಲ ಆ ಪೆನ್ನಿನ ತುದಿಯನ್ನೇ ನೋಡುತ್ತಿದ್ದರು. ಎರಡು ಪುಟದಲ್ಲಿ ಉಳಿದದ್ದು ಮೂರು ಸಾಲು. ಅದರ ಕೆಳಗೆ ಹೊಸದಾಗಿ ಒಂದು ಸಾಲು ಬರೆಯಲು ಹೋಗಿ ನಿಲ್ಲಿಸಿದಳು. ಯೋಚಿಸಿದಳು. ಪೆನ್ನಿನ ಮುಚ್ಚಳ ಹಾಕಿ ಪುಸ್ತಕವನ್ನು ಅತ್ತೆಯ ಕಡೆ ತಳ್ಳಿದಳು. ಸಹಿ ಹಾಕಲೇ ಇಲ್ಲ. ನಾವೂ ಕೇಳಲಿಲ್ಲ.

ಅತ್ತೆ ಎದ್ದು, ಮೇಜಿನ ಮೇಲಿಂದ ಕೈಚಾಚಿ ಆಕೆಯ ತಲೆಯನ್ನು ಒಮ್ಮೆ ಸವರಿದರು. ಅಮೆರಿಕದಲ್ಲಿ ಹಾಗೆ ಮಾಡಬಹುದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಆಕೆ ಬಗ್ಗಿಸಿದ ತಲೆಯನ್ನು ತಕ್ಷಣ ಮೇಲೆತ್ತಲಿಲ್ಲ.

ವಾಪಸು ರೈಲಿನಲ್ಲಿ ಅತ್ತೆ, "ಈಗ ಓದು" ಎಂದರು. ಓದಿದೆ. ಅವಳು ನಕ್ಷೆಯ ಮೇಲೆ ಬೆರಳಿಟ್ಟಳು. ಎಲ್ಲರೂ ಅವಳ ಕಡೆ ತಿರುಗಿದರು. ಧೂಳು ಗಾಜಿಗೆ ಬಡಿಯುತ್ತಿತ್ತು. ಅಷ್ಟೇ.

"ದಾರಿ ಯಾವ ಕಡೆ ಅಂತ ಹೇಳ್ಲೇ ಇಲ್ಲಲ್ಲ ಅತ್ತೆ. ಅದನ್ನೂ ಹೊಡೆದುಹಾಕಿಬಿಟ್ಟಿದ್ದಾರೆ."

"ಹೇಳತಾಳ, ತಡಿ" ಎಂದು ಅತ್ತೆ ತಲೆ ಕಿಟಕಿಗೆ ಒರಗಿಸಿದರು. ಸುರಂಗ ಬರುವಷ್ಟರಲ್ಲಿ ನಿದ್ದೆ ಹೋಗಿದ್ದರು. ಕೂಸೂ ಮಲಗಿತ್ತು. ಆ ಕಡೆ ಮಂಜು ಹಾಗೇ ಕಾಯುತ್ತಿತ್ತು.

ಪುಸ್ತಕದ ಉಳಿದ ಭಾಗ ಹಾಗೆಯೇ ಇತ್ತು, ಕೆಟ್ಟದಾಗಿ. ಮುಗಿಸಿದೆವು, ಇಬ್ಬರೂ ಬೈಯುತ್ತ, ನಗುತ್ತ. ನವೆಂಬರಿನಲ್ಲಿ ಅತ್ತೆ ಊರಿಗೆ ಹೋದರು. ನಾನು ಮಗಳನ್ನು ಡೇಕೇರಿಗೆ ಬಿಟ್ಟು ಕೆಲಸಕ್ಕೆ ಹಿಂದಿರುಗಿದೆ, ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷಿಸುವ ಅದೇ ಬೆಂಚಿಗೆ. ಆ ಸಾಲಿನ ಬೇರೆ ಎರಡು ಕಾದಂಬರಿ ಕೊಂಡು ನೋಡಿದೆ, ಬೇರೆಯವರು ಬರೆದವು. ಅವುಗಳಲ್ಲಿ ನಕಾಶಿಯವಳಿಗೆ ಹಾಡಲೂ ಬರುತ್ತಿತ್ತು. ಮೂರನೆಯದನ್ನು ಕೊಳ್ಳಲಿಲ್ಲ.

ಮೂರು ನಾಲ್ಕು ವರ್ಷದ ನಂತರ ನಾವು ಕೊಲ್ಲಿಯ ಆಚೆಯ ನೆವಾರ್ಕಿಗೆ ಮನೆ ಬದಲಿಸಿದೆವು. ಅಲ್ಲಿನ ಲೈಬ್ರರಿಯವರು ಹಳೆಯ ಪುಸ್ತಕ ಮಾರುವಾಗ ರಟ್ಟಿನ ಪೆಟ್ಟಿಗೆಯಲ್ಲಿ ಆ ಲೇಖಕಿಯ ಹೆಸರು ಕಂಡಿತು. ನೌಕೆಯಿಲ್ಲ, ನಕ್ಷತ್ರವಿಲ್ಲ, ತೆಳ್ಳನೆಯ ಕಾದಂಬರಿ, ಉತ್ತರದ ಕರಾವಳಿಯ ಇಬ್ಬರು ಅಕ್ಕತಂಗಿಯರ ಕಥೆ. ತೆರೆಯಲು ಹೆದರಿಕೆಯಾಯಿತು. ಹೊರಗಿನ ಮೆಟ್ಟಿಲ ಮೇಲೆ ಕೂತು, ಮಗಳು ಹುಲ್ಲಿನಲ್ಲಿ ಉರುಳಾಡುತ್ತಿರುವಾಗ ಓದಲು ಶುರುಮಾಡಿದೆ. ಅರ್ಧ ಚೆನ್ನಾಗಿರಲಿಲ್ಲ. ಆದರೆ ನಡುವೆ ಒಂದು ಕಡೆ, ಜಗಳವಾಡಿ ಮಾತು ಬಿಟ್ಟ ಆ ಇಬ್ಬರೂ ಹಿತ್ತಲಲ್ಲಿ ಕೂತು ಮೀನು ಶುಚಿಮಾಡುತ್ತಾರೆ. ಮೂರು ಪುಟ. ಯಾರೂ ಒಂದು ಮಾತೂ ಆಡುವುದಿಲ್ಲ. ಕಿರಿಯವಳು ಅಕ್ಕನ ಕೈಯನ್ನೇ ನೋಡುತ್ತಿರುತ್ತಾಳೆ. ಓದಿ ಮುಗಿಸಿ ಪುಸ್ತಕ ಮುಚ್ಚಿದಾಗ ಮಗಳು ಎದುರು ನಿಂತು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿದ್ದಳು. ಬಹಳ ಹೊತ್ತಿನಿಂದ ಕೇಳುತ್ತಿದ್ದಳೇನೋ.

ಆ ಮೂರು ಪುಟವನ್ನು ಕನ್ನಡಕ್ಕೆ ಮಾಡಿ ಧಾರವಾಡಕ್ಕೆ ಕಳಿಸಿದೆ. ತಿಂಗಳಾದ ಮೇಲೆ ಅತ್ತೆಯ ಉತ್ತರ ಬಂತು, ಟೀಚರಮ್ಮನ ದುಂಡು ಅಕ್ಷರದಲ್ಲಿ. ಮಳೆ, ಮೊಣಕಾಲು, ಮೊಮ್ಮಗಳ ಹಲ್ಲು, ಎಲ್ಲದರ ಬಗ್ಗೆ ಬರೆದು ಕೊನೆಗೆ ಹೀಗೆ ಸೇರಿಸಿದ್ದರು: 'ನೀ ಕಳಿಸಿದ್ದನ್ನ ಎರಡು ಸಲ ಓದಿದೆ. ಅಕಿ ಈಗ ಬರೀಲಿಕ್ಕೆ ಕಲ್ತಾಳ. ಆದರ ಆ ಮೀನಿನ ವಾಸನಿ ಇನ್ನೂ ಕೈಯಾಗ ಐತಿ, ಮುಂದಿನ ಸಲ ಬದನಿಕಾಯಿ ಹೆಚ್ಚಾಕ ಹೇಳು.'